ಕಪ್ಪಿನ ಕೆಳಗಿನ ಚೀಟಿ

ಆ ಚೀಟಿ ನನಗೇ ಎಂದುಕೊಂಡೆ. ಕಪ್ಪಿನ ಕೆಳಗೆ ಇಟ್ಟಿದ್ದು ನನಗಲ್ಲದೆ ಇನ್ಯಾರಿಗೆ?

ವಿಮಾನಗಳಿಗೆ ದಾರಿ ಹೇಳುವ ಕೇಂದ್ರದಲ್ಲಿ ನನ್ನ ಅಕ್ಕ ಕ್ಯಾಂಟೀನ್ ನಡೆಸುತ್ತಾಳೆ. ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ರೇಡಾರ್ ಕೋಣೆಗೆ ಕಾಫಿ ಒಯ್ದು, ಖಾಲಿ ಕಪ್ಪು ವಾಪಸ್ ತರುತ್ತಿದ್ದೆ. ಅಲ್ಲಿ ಮಟಮಟ ಮಧ್ಯಾಹ್ನವೂ ಮಬ್ಬು. ಮೈಕ್‌ನಲ್ಲಿ ಪೈಲಟ್‌ಗಳ ಜೊತೆ ಇರುವವರನ್ನು ಯಾರೂ ಮಾತಾಡಿಸಕೂಡದು. ಹೇಳುವುದಿದ್ದರೆ ಬರೆದು ಪಕ್ಕದಲ್ಲಿಡಬೇಕು. ಅದಕ್ಕೆ ಸ್ಟ್ರಿಪ್ ಎಂಬ ಉದ್ದನೆಯ ಕಾಗದದ ಪಟ್ಟಿಗಳು ಎಲ್ಲ ಮೇಜಿನ ಮೇಲೂ ಬಿದ್ದಿರುತ್ತಿದ್ದವು.

ಮೂರನೇ ಮೇಜಿನಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವವರು ನನಗೆ ಮೊದಲು ಬರೆದು ಖಾಲಿ ಕಪ್ಪಿನ ಕೆಳಗಿಟ್ಟದ್ದು ಅಂಥ ಹಳೆಯ ಪಟ್ಟಿಯ ಬೆನ್ನಿನ ಮೇಲೆಯೇ. ‘ಇವತ್ತು ಸಕ್ಕರೆ ಜಾಸ್ತಿ. ಯಾರ ಯೋಚನೆ?’

ಉಗ್ರಾಣದಲ್ಲಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಮೂರು ಸಲ ಓದಿದೆ. ಕಿವಿ ಬಿಸಿಯಾಯಿತು. ಮಾರನೆಯ ದಿನ ಸಕ್ಕರೆಯನ್ನೇ ಹಾಕಲಿಲ್ಲ. ಒಂದು ಗುಟುಕು ಕುಡಿದು, ಯಾವುದೋ ಪೈಲಟ್‌ಗೆ ಉತ್ತರ ಕೊಡುತ್ತಲೇ ಅವರು ನನ್ನತ್ತ ಕಣ್ಣು ಹೊರಳಿಸಿದರು. ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

ಹನ್ನೊಂದು ಚೀಟಿಗಳಾದವು. ಒಂದಕ್ಕೂ ಉತ್ತರ ಬರೆಯಲಿಲ್ಲ. ನನ್ನ ಅಕ್ಷರ ಕಂಡರೆ ನನಗೇ ನಾಚಿಕೆ.

“ಪಶ್ಚಿಮದ ಕಡೆ ಬರ್ತಾವಲ್ಲ, ಆ ವಿಮಾನಗಳ ಹಾಗೇ ನೀವು,” ಎಂದರು ಒಮ್ಮೆ, ವಿರಾಮದ ಕೋಣೆಯಲ್ಲಿ. “ಬರ್ತೀರ, ಹೋಗ್ತೀರ. ಕರೆದ್ರೆ ಉತ್ತರ ಇಲ್ಲ.”

“ಯಾರವು ಸಾರ್ ಅವು?”

“ಪಕ್ಕದ ದೇಶದ ಮಿಲಿಟರಿಯವು.” ಮುಖದ ನಗು ಇಳಿಯಿತು. “ಗಡಿ ದಾಟಲ್ಲ, ಅಂಚಲ್ಲೇ ಸುತ್ತುತ್ವೆ. ಗುರುತು ಹೇಳೋ ಯಂತ್ರ ಆಫ್ ಮಾಡ್ಕೊಂಡಿರ್ತಾರೆ, ನಮ್ಮ ಪರದೆ ಮೇಲೆ ಕಾಣಲ್ಲ. ನಮ್ಮ ವಾಯುಸೇನೆಯವರು ಫೋನ್ ಮಾಡಿ ಹೇಳಿದ್ರೆ ಉಂಟು.”

“ಹೇಳದಿದ್ರೆ?”

ಅವರು ಕಪ್ಪಿನೊಳಗೆ ನೋಡಿದರು. “ಹೇಳ್ತಾರೆ.”

ಅವು ಬಂದಾಗಲೆಲ್ಲ ನಮ್ಮ ಫೈಟರ್‌ಗಳು ಮೇಲೇಳುತ್ತಿದ್ದವು. ಕ್ಯಾಂಟೀನಿನ ಗ್ಲಾಸುಗಳು ಕಟಕಟ ಎನ್ನುತ್ತಿದ್ದವು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ಅಕ್ಕ ಗ್ಲಾಸುಗಳ ನಡುವೆ ಬಟ್ಟೆ ತುರುಕಿದಳು.

“ಆ ಮೂರನೇ ಮೇಜಿನವನ ಹತ್ರ ಬಾಯಿ ಬಿಟ್ಟು ಮಾತಾಡೇ,” ಎಂದಳು. “ನಿಂಗೆ ಅದಕ್ಕೂ ಲೈಸೆನ್ಸ್ ಬೇಕಾ?”

ಆ ಮಂಗಳವಾರ ಮಧ್ಯಾಹ್ನ ಅವರು ಮೈಕ್‌ನಲ್ಲಿದ್ದರು. ಒಂದಾದ ಮೇಲೊಂದು ವಿಮಾನ, ಕತ್ತೆತ್ತಲೂ ಪುರುಸೊತ್ತಿಲ್ಲ. ಖಾಲಿ ಕಪ್ಪಿನ ಕೆಳಗೆ ಚೀಟಿಯಿತ್ತು. ಕಪ್ಪಿನ ಜೊತೆ ಎತ್ತಿಕೊಂಡು ಏಪ್ರನ್ ಜೇಬಿಗೆ ಹಾಕಿಕೊಂಡೆ. ಕೆಲಸ ಮುಗಿದ ಮೇಲೆ ಓದುವುದು ನನ್ನ ಅಭ್ಯಾಸ. ಅಲ್ಲಿಯವರೆಗೆ ಅದು ಜೇಬಿನಲ್ಲಿದೆ ಎಂಬುದೇ ಸುಖ.

ಕಪ್ಪು ತೊಳೆಯುತ್ತಿದ್ದೆ. ಗ್ಲಾಸುಗಳು ಅಲುಗಿದವು. ಆಮೇಲೆ ಹೊರಗೆ ಯಾರೋ ಓಡಿದರು.

ಇನ್ನೂರ ಹನ್ನೆರಡು ಜನರಿದ್ದ ವಿಮಾನಕ್ಕೆ, ಪಶ್ಚಿಮದ ಅಂಚಿನಲ್ಲಿ, ಇನ್ನೂ ಕೆಳಗಿನ ಎತ್ತರಕ್ಕೆ ಇಳಿಯಲು ಮೂರನೇ ಮೇಜಿನವರು ಹೇಳಿದ್ದರು. ಎದುರಿಗೆ ಬೂದುಬಣ್ಣದ ವಿಮಾನ ಕಂಡು ಪೈಲಟ್ ಸರಕ್ಕನೆ ಪಕ್ಕಕ್ಕೆ ಎಳೆದನಂತೆ. ಒಳಗಿದ್ದ ಒಂಬತ್ತು ಜನರ ತಲೆಗೆ ಪೆಟ್ಟಾಗಿತ್ತು. ವಿಮಾನ ಉಳಿದದ್ದು ಕೂದಲೆಳೆಯ ಅಂತರದಲ್ಲಿ.

ಜೇಬಿನಿಂದ ಚೀಟಿ ತೆಗೆದೆ. ಅದು ಅವರ ಅಕ್ಷರವಲ್ಲ. ಶಿಫ್ಟಿನ ಮುಖ್ಯಸ್ಥರದು, ಮಾತುಮಾತಿಗೂ ಗಡಿಯಾರ ನೋಡುವುದರಿಂದ ನಾವು ಗಡಿಯಾರ ಸಾರ್ ಎನ್ನುವವರದು. ‘ಗುರುತಿಲ್ಲದ ವಿಮಾನ. ಪಶ್ಚಿಮ ಅಂಚು. ಯಾರನ್ನೂ ಇಳಿಸಬೇಡ.’

ಗುರುವಾರ ವಿಚಾರಣೆ. ಎಸಿ ಗಾಳಿಗೆ ಚೀಟಿ ಹಾರದಿರಲೆಂದು ಕಪ್ಪಿನ ಕೆಳಗಿಟ್ಟೆ ಎಂದು ಗಡಿಯಾರ ಸಾರ್ ಹೇಳಿದ್ದರು. ಮೂರನೇ ಮೇಜಿನವರು, ‘ನಾನು ನೋಡಲಿಲ್ಲ’ ಎಂದಿದ್ದರು, ಅಷ್ಟೇ. ನಿರ್ಲಕ್ಷ್ಯ ಎಂದು ಬರೆದರೆ ಲೈಸೆನ್ಸ್ ಹೋಗುತ್ತದೆ. ಮತ್ತೆಂದೂ ಆ ಮೇಜಿನ ಮುಂದೆ ಕೂರುವಂತಿಲ್ಲ. ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಅವರು ಒಬ್ಬರೇ ಕೂತಿದ್ದರು. ಚೀಟಿ ತೋರಿಸಿದೆ.

“ನಂಗೆ ಅವತ್ತೇ ಗೊತ್ತಾಯ್ತು,” ಎಂದರು ಮೆಲ್ಲಗೆ. “ಮೇಜಿನ ಮೇಲೆ ಕಪ್ಪಿರಲಿಲ್ಲ. ಕಪ್ಪಿಲ್ಲ ಅಂದ್ರೆ ನೀವು ಬಂದು ಹೋಗಿದ್ರಿ.”

“ಮತ್ಯಾಕೆ ಹೇಳಲಿಲ್ಲ?”

“ಅಲ್ಲಿ ಚೀಟಿ ಇಟ್ಟು ಅಭ್ಯಾಸ ಮಾಡಿಸಿದ್ದು ನಾನು. ನಿಮ್ಮನ್ನ ಮುಂದೆ ದೂಡಿ ಬಚಾವಾಗ್ಲಾ? ಹರಿದು ಹಾಕಿ.”

“ನಿಮ್ಮ ಲೈಸೆನ್ಸು?”

ಅವರು ಚೀಟಿಗೆ ಕೈ ಚಾಚಿದರು.

ಬಾಗಿಲು ತಳ್ಳಿ ಒಳಗೆ ಹೋದೆ. ಉದ್ದನೆಯ ಮೇಜಿನ ಹಿಂದಿದ್ದ ಮೂವರ ಮುಂದೆ ಹನ್ನೆರಡು ಚೀಟಿ ಇಟ್ಟೆ, ನನ್ನವು ಹನ್ನೊಂದು, ನನ್ನದಲ್ಲದ್ದು ಒಂದು.

“ಅವರು ಮೈಕ್‌ನಲ್ಲಿದ್ರು,” ಎಂದೆ. “ನೋಡೋ ಮೊದಲೇ ನಾನು ಎತ್ಕೊಂಡೆ. ನಂಗೆ ಅಂದ್ಕೊಂಡೆ.”

ಮೂವರೂ ಒಂದೊಂದನ್ನೂ ಓದಿದರು. ‘ಸಕ್ಕರೆ ಜಾಸ್ತಿ’ ಎಂಬುದನ್ನು ನಡುವೆ ಕೂತಿದ್ದವರು ಗಟ್ಟಿಯಾಗಿ ಓದಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮೂರನೇ ಮೇಜಿನವರ ಲೈಸೆನ್ಸ್ ಉಳಿಯಿತು. ಆರು ತಿಂಗಳು ರೇಡಾರ್ ಮುಟ್ಟುವಂತಿಲ್ಲ, ದೂರದ ಕೇಂದ್ರಕ್ಕೆ ವರ್ಗ. ಕೇಂದ್ರದೊಳಗೆ ಹೋಗುವ ನನ್ನ ಪಾಸ್ ಕಿತ್ತುಕೊಂಡರು. ಅಕ್ಕ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ, “ಹೋಗು, ಅವನ ಬಸ್ಸು ಹತ್ತು ಗಂಟೆಗೆ,” ಎಂದಳು.

ಗೇಟಿನ ಹೊರಗೆ ಅವರು ಬ್ಯಾಗ್ ಹಿಡಿದು ನಿಂತಿದ್ದರು.

“ಹನ್ನೊಂದು ಚೀಟಿನೂ ವಿಚಾರಣೆಯವರೇ ಇಟ್ಕೊಂಡ್ರು,” ಎಂದೆ.

“ಹೊಸದು ಬರೀತೀನಿ.”

“ಈ ಸಲ ನಾನು ಬರೆದಿದ್ದೀನಿ.”

ಮಡಚಿದ ಕಾಗದ ಕೊಟ್ಟೆ. ಸೊಟ್ಟ ಅಕ್ಷರ. ನಾನು ಓದುವ ಹಾಗೇ ಅವರೂ ನಿಧಾನವಾಗಿ ಓದಿದರು. ‘ಅವತ್ತು ಸಕ್ಕರೆ ಜಾಸ್ತಿ ಆಗಿದ್ದು ನಿಮ್ಮ ಯೋಚನೆಯಿಂದ.’

ತುಟಿಯ ಒಂದು ಕೊನೆ ಅರಳಿತು. ಇನ್ನೊಂದು ಕೊನೆಯೂ ಅರಳುವಷ್ಟರಲ್ಲಿ ಗೇಟಿನ ಕಬ್ಬಿಣ ಗದಗದ ನಡುಗಿತು. ತಲೆಯ ಮೇಲೆ ಫೈಟರ್‌ಗಳು ಹಾದುಹೋದವು, ಪಶ್ಚಿಮಕ್ಕೆ.

“ಎರಡು,” ಎಂದರು ಆಕಾಶ ನೋಡುತ್ತ. ಆಮೇಲೆ, “ಮೂರನೇ ಮೇಜಲ್ಲಿ ಇವತ್ತು ಯಾರು ಕೂತಿದ್ದಾರೋ. ಅವರಿಗೆ ಹೇಳಿರ್ತಾರಾ?”

ನನಗೆ ಗೊತ್ತಿರಲಿಲ್ಲ. ಅವರ ಕೈ ಹಿಡಿದೆ. ಸದ್ದು ಪೂರ್ತಿ ಅಡಗುವವರೆಗೆ ಇಬ್ಬರೂ ಬಿಡಲಿಲ್ಲ.