ಎರಡನೆಯ ಶಬ್ದ

“ಶೃಂಗೇರೀಲಿ ಟೈರ್ ಅಂಗಡಿ ಇಲ್ವಾ?” ಎಂದು ಚೈತ್ರ ಕೇಳಿದಾಗ ಜಯಪ್ರಕಾಶ ಬಸ್ಸಿನ ಟಾಪಿನಿಂದ ಇಳಿಸಿದ ಚಕ್ರವನ್ನು ಇನ್ನೂ ಹೆಗಲಿನಿಂದ ಕೆಳಗಿಟ್ಟಿರಲಿಲ್ಲ.

“ಇದಾವೆ. ಮೂರು.”

“ಮತ್ತೆ ಕಿಗ್ಗದಿಂದ ಕೊಪ್ಪದ ತನಕ ಇದನ್ನ ಹೊತ್ಕೊಂಡು ಬಂದಿದ್ದು ಎಂತಕ್ಕೆ?”

ಅವನು ಚಕ್ರವನ್ನು ಮೆಲ್ಲಗೆ ನೆಲಕ್ಕಿಟ್ಟು, ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. “ಅಲ್ಲಿ ಗಾಳಿ ಅಷ್ಟು ಚೆನ್ನಾಗಿಲ್ಲ” ಎಂದ. ನಗಲಿಲ್ಲ. ಕಣ್ಣು ಮಾತ್ರ ಒಂದು ಗಳಿಗೆ ಅವಳ ಮುಖದ ಮೇಲೆ ನಿಂತು, ಸಿಕ್ಕಿಬಿದ್ದವನ ಹಾಗೆ ಕಂಪ್ರೆಸರಿನ ಕಡೆ ಓಡಿತು.

ಅದು 2007ರ ಮಾತು. ಆಯುಧಪೂಜೆಯ ಕುಂಕುಮ ಚೈತ್ರಳ ಅಪ್ಪನ ಟೈರ್ ಅಂಗಡಿಯ ಲಿವರುಗಳ ಮೇಲೆ ಇನ್ನೂ ಅಳಿದಿರಲಿಲ್ಲ. ಜಯಪ್ರಕಾಶ, ಸಿರಿಮನೆ ಜಲಪಾತದ ಹತ್ತಿರದ ಒಂದು ಎಸ್ಟೇಟಿನಲ್ಲಿ ಡ್ರೈವರ್. ಅವನ ಅಮ್ಮ ಗುಡ್ಡಮ್ಮ ಅದೇ ಎಸ್ಟೇಟಿನಲ್ಲಿ ಕಾಫಿ ಕೊಯ್ದೂ ಕೊಯ್ದೂ ಬೆನ್ನು ಬಾಗಿಸಿಕೊಂಡವಳು. ಒಡೆಯರು ಹೋಂಸ್ಟೇ ತೆರೆದು, ಬಂದವರನ್ನು ಕಾಡುದಾರಿಯಲ್ಲಿ ಸುತ್ತಿಸಲಿಕ್ಕೆಂದು ಎಲ್ಲಿಂದಲೋ ಒಂದು ಹಳೆಯ ಎಟಿವಿ ತಂದಿದ್ದರು. ನಾಲ್ಕು ದಪ್ಪ ಗಾಲಿಯ ಬೈಕು ಅದು. ಅದರ ಟೈರಿಗೆ ಟ್ಯೂಬಿಲ್ಲ, ತುಂಬುವ ಗಾಳಿಯೂ ಕಡಿಮೆ. ಕಲ್ಲಿನ ಮೇಲೆ ರಭಸದಿಂದ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತಿತ್ತು. ಮೊದಮೊದಲು ತಿಂಗಳಿಗೊಮ್ಮೆ. ಆಮೇಲೆ ವಾರಕ್ಕೊಮ್ಮೆ. ತಾನಾಗಿಯೇ ಕಳಚುತ್ತಿತ್ತೋ, ಜಯಪ್ರಕಾಶ ಕಳಚಿಸುತ್ತಿದ್ದನೋ, ಕಿಗ್ಗದ ಋಷ್ಯಶೃಂಗ ಸ್ವಾಮಿಗೇ ಗೊತ್ತು.

ಚೈತ್ರಳ ಅಪ್ಪ ವಾಸಪ್ಪ ಟೈರು ಕೂರಿಸುವುದನ್ನು ಪೂಜೆಯ ಹಾಗೆ ಮಾಡುತ್ತಿದ್ದ. ರಿಮ್ಮಿನ ತುಕ್ಕು ಕೆರೆಯುವುದು, ಅಂಚಿಗೆ ಸೋಪಿನ ನೀರು ಸವರುವುದು, ಲಿವರಿನಿಂದ ಟೈರನ್ನು ಒಳಗೆ ಸೇರಿಸುವುದು, ಸುತ್ತ ಹಗ್ಗ ಬಿಗಿದು ಗಾಳಿ ಹಿಡಿಸುವುದು. ಗಾಳಿ ತುಂಬುತ್ತಾ ಹೋದಂತೆ ಟೈರಿನ ಅಂಚು ರಿಮ್ಮಿಗೆ ಹೋಗಿ ಕೂರುತ್ತದೆ. ಆಗ ‘ಟಪ್’ ಎಂದು ಒಂದು ಶಬ್ದ. ಮತ್ತೊಂದು ಬದಿ ಕೂತಾಗ ಇನ್ನೊಂದು. ಮೊದಲ ಶಬ್ದಕ್ಕೆ ವಾಸಪ್ಪ “ಶಾರದಾ” ಎನ್ನುತ್ತಿದ್ದ, ಎರಡನೆಯದಕ್ಕೆ “ತಾಯೀ”. ದೇವರ ಹೆಸರು ಪೂರ್ತಿಯಾದರೆ ಕೆಲಸ ಪೂರ್ತಿ. ಹುಟ್ಟಿದಾಗಿನಿಂದ ಆ ಹೆಸರನ್ನು ಹೀಗೆ ಎರಡು ತುಂಡಾಗಿಯೇ ಕೇಳಿ ಬೆಳೆದವಳು ಚೈತ್ರ.

“ನಿಮ್ಮಪ್ಪ ‘ತಾಯೀ’ ಅಂದಾಗೆಲ್ಲ ನಂಗೆ ಬೇಜಾರಾಗುತ್ತೆ” ಎಂದ ಒಂದು ದಿನ ಜಯಪ್ರಕಾಶ, ಅವಳು ಪಂಕ್ಚರಿಗೆ ಗುರುತು ಹಾಕುವ ಹಳದಿ ಚಾಕ್‌ಪೀಸನ್ನು ಬೆರಳಲ್ಲಿ ಹೊರಳಿಸುತ್ತಾ.

“ದೇವರ ಹೆಸರು ಕೇಳಿ ಬೇಜಾರಾ?”

“ಕೆಲ್ಸ ಮುಗೀತಲ್ಲ. ನಾನಿನ್ನು ಹೊರಡ್ಬೇಕಲ್ಲ.”

ಅವಳು ಚಾಕ್‌ಪೀಸನ್ನು ಅವನ ಕೈಯಿಂದ ಕಿತ್ತುಕೊಂಡಳು. ಬೆರಳ ತುದಿ ಹಳದಿಯಾಯಿತು. ಅವನದ್ದೂ ಹಳದಿ. ಬಸ್ಸಿನಲ್ಲಿ ಕಿಗ್ಗದ ತನಕ ಅವನು ಆ ಕೈ ತೊಳೆದಿರಲಿಲ್ಲ ಎಂದು ಅವಳಿಗೆ ಎಷ್ಟೋ ದಿನದ ಮೇಲೆ ತಿಳಿಯಿತು.

ಸಂಕ್ರಾಂತಿ ಕಳೆದ ವಾರ ಅವನು ಮತ್ತೆ ಬಂದಾಗ ವಾಸಪ್ಪ ಚಕ್ರ ಮುಟ್ಟಲಿಲ್ಲ. ಅಂಗಡಿಯ ದೇವರ ದೀಪದ ಬತ್ತಿ ಸರಿ ಮಾಡುತ್ತಾ, ದನಿ ಏರಿಸದೆ ಹೇಳಿದ:

“ನೋಡು ಮಾರಾಯ. ಮೂರು ಅಂಗಡಿ ದಾಟಿ ಬರೋನು ಗಾಳಿ ಹಾಕ್ಸಕ್ಕೆ ಬರಲ್ಲ. ನೀನು ಒಳ್ಳೆ ಹುಡುಗ, ಇಲ್ಲ ಅನ್ನಲ್ಲ. ಆದ್ರೆ ನೀನು ಗುಡ್ಡಮ್ಮನ ಮಗ, ಇವಳು ನನ್ನ ಮಗಳು. ನಾಳೆಯಿಂದ ಈ ಅಂಗಡಿಗೆ ಬರಬೇಡ.”

ಜಯಪ್ರಕಾಶ ಚಕ್ರವನ್ನು ಮತ್ತೆ ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ. ರಿಮ್ಮಿನ ಮೇಲೆ ಸಡಿಲವಾದ ಟೈರು ಹೆಜ್ಜೆಹೆಜ್ಜೆಗೂ ಕುಣಿಯುತ್ತಿತ್ತು.

ಅವನು ಶೃಂಗೇರಿಯಲ್ಲೇ ಹಾಕಿಸಬಹುದಿತ್ತು. ಹಾಗೆ ಮಾಡಿದ್ದರೆ ಈ ಕತೆ ಬೇರೆಯೇ ಆಗುತ್ತಿತ್ತು. ಆದರೆ ಒಡೆಯರು “ಪ್ರತಿ ಸಲ ಅಂಗಡಿಗೆ ಕೊಟ್ಟು, ಒಂದು ದಿನದ ಕೆಲಸ ಕೆಡಿಸ್ಕೊಂಡು, ಎಂತ ಸುಡುಗಾಡು ಅದು, ಮನೇಲೇ ಹಾಕಕ್ಕೆ ಬರಲ್ವಾ” ಎಂದಿದ್ದರು. ಶೆಡ್ಡಿನಲ್ಲಿ ಪೇಂಟ್ ಹೊಡೆಯುವ ಕಂಪ್ರೆಸರ್ ಒಂದಿತ್ತು. ಶೆಡ್ಡಿನ ಮೂಲೆಯಲ್ಲಿ ನಿಂತರೆ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ಲೂ ಬರುತ್ತಿತ್ತು.

“ನೀವೇ ಹೇಳಿಕೊಡಿ” ಎಂದ ಚೈತ್ರಳಿಗೆ, ಫೋನಿನಲ್ಲಿ. “ಅಂಗಡಿಗೆ ಬರಬೇಡ ಅಂದಿದ್ದಾರೆ. ಕಲೀಬೇಡ ಅಂದಿಲ್ಲ.”

ಫೆಬ್ರವರಿಯಲ್ಲಿ ಐದು ದಿನ ಅವಳು ಕಲಿಸಿದಳು. ಹತ್ತು ನಿಮಿಷದಲ್ಲಿ ಮುಗಿಯುವ ಪಾಠ. ಅಪ್ಪ ಊಟಕ್ಕೆ ಹೋಗುವ ಹೊತ್ತಿಗೆ, ದಿನಕ್ಕೆ ಇಷ್ಟಿಷ್ಟೇ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನಿಧಾನವಾಗಿ ಕಲಿಸಿದಳು. ಒಂದು ದಿನ ಸೋಪಿನ ನೀರು. ಒಂದು ದಿನ ಹಗ್ಗ.

“ಹಗ್ಗ ಎಷ್ಟು ಬಿಗೀಬೇಕು?”

“ಟೈರು ಉಸಿರು ಬಿಗಿ ಹಿಡ್ದ ಹಾಗೆ ಕಾಣ್ಬೇಕು.”

“ನಿಮ್ ಹತ್ರ ಮಾತಾಡ್ವಾಗ ನಾನು ಹಾಗೇ ಇರ್ತೀನಿ.”

“ಪಾಠ ಕೇಳಿ ಸುಮ್ನೆ.”

ಐದನೆಯ ದಿನ ಗಾಳಿಯ ಪಾಠ. “ವಾಲ್ವಿಗೆ ಪೈಪ್ ಸಿಕ್ಸಿ. ಎರಡು ಶಬ್ದ ಬರೋ ತನಕ ಗಾಳಿ ತುಂಬಿ. ಮೊದಲನೇದಕ್ಕೆ ‘ಶಾರದಾ’ ಅನ್ನಿ. ಎರಡನೇದಕ್ಕೆ ‘ತಾಯೀ’. ಆಯ್ತು.”

“ಒಂದೊಂದು ಶಬ್ದಕ್ಕೂ ನಿಮಗೊಂದು ಮಿಸ್ಡ್ ಕಾಲ್ ಕೊಡ್ತೀನಿ. ಎರಡು ಬಂದ್ರೆ ನಾನು ಪಾಸು.”

ಮರುದಿನ ಹನ್ನೊಂದು ಗಂಟೆಗೆ ಅವಳ ಮೊಬೈಲು ಒಮ್ಮೆ ಗುಂಯ್ ಎಂದು ನಿಂತಿತು. ಅವಳು ಟ್ಯೂಬಿಗೆ ಪ್ಯಾಚ್ ಒತ್ತುತ್ತಾ ತನ್ನಷ್ಟಕ್ಕೆ ನಕ್ಕಳು. “ಶಾರದಾ” ಎಂದಳು, ಅಪ್ಪನಿಗೆ ಕೇಳದ ಹಾಗೆ.

ಎರಡನೆಯದಕ್ಕೆ ಕಾದಳು. ಹನ್ನೆರಡಾಯಿತು. ಒಂದಾಯಿತು. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಊಟ ಮಾಡಿದಳು. ಮೂರೂವರೆಗೆ ಶೃಂಗೇರಿಯ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಬೂತಪ್ಪ ಅಂಗಡಿಯ ಮುಂದೆ ನಿಂತು ವಾಸಪ್ಪನಿಗೆ ಹೇಳಿದ: “ನಿಮ್ ಅಂಗಡಿಗೆ ಬರ್ತಿದ್ನಲ್ಲ, ಸಿರಿಮನೆ ಕಡೆಯ ಹುಡುಗ. ಮನೇಲೇ ಟೈರ್ ಹಾಕಕ್ಕೆ ಹೋಗಿ ಸಿಡ್ದು ಹೋಯ್ತಂತೆ. ಘಟ್ಟದ ಕೆಳಗೆ ಆಸ್ಪತ್ರೆಗೆ ತಗಂಡು ಹೋದ್ರು. ಕಿವಿಯಲ್ಲೆಲ್ಲ ರಕ್ತ ಅಂತೆ.”

ಜೀವ ಉಳಿಯಿತು. ಬಲಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತು. ಎರಡೂ ಕಿವಿ ಹೋದವು.

ಮೂರು ತಿಂಗಳು ಚೈತ್ರ ಆ ಐದು ದಿನದ ಮಾತನ್ನು ಒಂದೊಂದೇ ಅಕ್ಷರವಾಗಿ ನೆನಪಿಸಿಕೊಂಡಳು. ಎಲ್ಲಿ ತಪ್ಪಿತು ಎಂದು ಅವಳಿಗೆ ಮೊದಲ ವಾರವೇ ತಿಳಿದಿತ್ತು. ಎರಡನೆಯ ಶಬ್ದ ಬಾರದೆ ಹೋದರೆ ಅಪ್ಪ ಗಾಳಿ ಹೆಚ್ಚಿಸುತ್ತಿರಲಿಲ್ಲ. ಬಾಯಿಗೆ ಬಂದ ಅರ್ಧ ಹೆಸರನ್ನು ನುಂಗಿಕೊಂಡು, ತುಂಬಿದ ಗಾಳಿಯನ್ನೆಲ್ಲ ಬಿಟ್ಟು, ಮತ್ತೆ ಸೋಪಿನ ನೀರಿನಿಂದ ಶುರು ಮಾಡುತ್ತಿದ್ದ. ಸಾವಿರ ಸಲ ನೋಡಿದ್ದಳು. ಆ ಹೊತ್ತಿಗೆ ಅಪ್ಪ ಏನೂ ಮಾತಾಡುತ್ತಿರಲಿಲ್ಲವಾದ್ದರಿಂದ ಅದೂ ಪಾಠದ ಭಾಗವೆಂದು ಅವಳಿಗೆ ಹೊಳೆದೇ ಇರಲಿಲ್ಲ. ‘ಎರಡು ಶಬ್ದ ಬರೋ ತನಕ’ ಎಂದುಬಿಟ್ಟಿದ್ದಳು. ಅವನು ಅವಳ ಮಾತನ್ನು ಅಕ್ಷರಶಃ ಪಾಲಿಸಿದ್ದ. ಬಾಯಲ್ಲಿ ಅರ್ಧ ದೇವರನ್ನಿಟ್ಟುಕೊಂಡು, ಉಳಿದರ್ಧಕ್ಕೆ ಕಾಯುತ್ತಾ, ಆ ಟೈರಿನ ಮೇಲೆ ಬಗ್ಗಿ ನಿಂತಿದ್ದ.

ಮೇ ತಿಂಗಳಲ್ಲಿ ನರಸಿಂಹರಾಜಪುರದಿಂದ ಒಂದು ಸಂಬಂಧ ಬಂತು. ಅವರು ನೋಡಲು ಬರುವ ಮೊದಲು, ಗುರುವಾರ ಬೆಳಿಗ್ಗೆ, ಅಂಗಡಿಯ ದೀಪ ಹಚ್ಚಿದ ಅಪ್ಪನ ಮುಂದೆ ನಿಂತು ಚೈತ್ರ ಎಲ್ಲವನ್ನೂ ಹೇಳಿದಳು.

ವಾಸಪ್ಪ ದೀಪದ ಬತ್ತಿ ತುಸು ಇಳಿಸಿದ. ಆಮೇಲೆ ಕೇಳಿದ: “ಅಂಗಡಿಗೆ ಬಂದಿದ್ರೆ ನಾನೇ ಹಾಕಿಕೊಡ್ತಿದ್ದೆ. ಅಲ್ವಾ?”

ಉತ್ತರಕ್ಕೆ ಕಾಯದೆ ಅವನು ನರಸಿಂಹರಾಜಪುರಕ್ಕೆ ಫೋನ್ ಮಾಡಿ ಬರುವುದು ಬೇಡವೆಂದ. ಅಂಗಡಿಯ ಬಾಗಿಲು ಎಳೆದ. ವಾರದ ನಡುವೆ ಅದು ಮುಚ್ಚಿದ್ದು ಅದೇ ಮೊದಲು. ಮಗಳನ್ನು ಕರೆದುಕೊಂಡು ಹತ್ತಿದ ಕಿಗ್ಗದ ಬಸ್ಸು ಶೃಂಗೇರಿ ದಾಟುವಾಗ ಕಿಟಕಿಯಿಂದಲೇ ಗುಡಿಯ ಕಡೆ ಕೈಮುಗಿದ. ಬಾಯಿ ಅಲುಗಿತು; ಹೆಸರು ಹೊರಗೆ ಬರಲಿಲ್ಲ.

ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಜಗಲಿಯಲ್ಲಿ ಗುಡ್ಡಮ್ಮ ಮೆಣಸು ಕೇರುತ್ತಿದ್ದಳು. ಜಯಪ್ರಕಾಶ ಗೋಡೆಗೊರಗಿ ಕೂತಿದ್ದ. ಇವರು ಬಂದ ಸದ್ದು ಅವನಿಗೆ ತಿಳಿಯಲಿಲ್ಲ. ನೆರಳು ಕಾಲಮೇಲೆ ಬಿದ್ದ ಮೇಲೆ ತಲೆಯೆತ್ತಿದ. ಚೈತ್ರಳನ್ನು ಕಂಡು ಸೊಟ್ಟ ಕೈಯನ್ನು ಲುಂಗಿಯ ಮಡಿಕೆಗೆ ಸೇರಿಸಿದ.

“ಯಾರು ಹೇಳಿಕೊಟ್ರು ಅಂತ ಎಷ್ಟು ಬರೆದು ತೋರ್ಸಿದ್ರೂ ಬಾಯಿ ಬಿಡ್ಲಿಲ್ಲ” ಎಂದಳು ಗುಡ್ಡಮ್ಮ, ಯಾರನ್ನೂ ನೋಡದೆ.

“ನಾನು ಹೇಳಿಕೊಟ್ಟಿದ್ದು” ಎಂದಳು ಚೈತ್ರ. “ಒಂದು ಮಾತು ಬಿಟ್ಟುಬಿಟ್ಟೆ.”

“ಅಂಗಡಿಗೆ ಬರಬೇಡ ಅಂದೋನು ನಾನು” ಎಂದ ವಾಸಪ್ಪ. “ತಪ್ಪು ನಂದು, ಗುಡ್ಡಮ್ಮ.”

ಗುಡ್ಡಮ್ಮ ಮೊರವನ್ನು ಕೆಳಗಿಟ್ಟಳು. “ನೀವಿಬ್ರು ತಪ್ಪು ಹಂಚ್ಕೊಂಡ್ರೆ ನನ್ ಮಗನ ಕಿವಿ ಬತ್ತದಾ, ಅಯ್ಯಾ?”

“ಬರಲ್ಲ” ಎಂದ ವಾಸಪ್ಪ.

ಅಷ್ಟು ಹೊತ್ತಿಗೆ ಚೈತ್ರ ಜಗಲಿಯ ನೆಲಕ್ಕೆ ಕೂತು ಹಳದಿ ಚಾಕ್‌ಪೀಸಿನಿಂದ ಬರೆಯುತ್ತಿದ್ದಳು. ‘ಎರಡನೇ ಶಬ್ದ ಬರದಿದ್ರೆ ಗಾಳಿ ಬಿಟ್ಟುಬಿಡಬೇಕು. ಅದನ್ನ ಹೇಳಲಿಲ್ಲ.’

ಜಯಪ್ರಕಾಶ ಓದಿದ. ಆಮೇಲೆ ಮಾತಾಡಿದ. ತನ್ನ ದನಿಯ ಅಳತೆ ತನಗೇ ತಿಳಿಯದವನ ಮಾತು, ಹೊಳೆಯಾಚೆ ನಿಂತವರನ್ನು ಕೂಗಿದ ಹಾಗಿತ್ತು. “ಹೇಳಿದ್ರಿ. ನೀವು ಹೇಳಿದ್ರಿ. ನಾನೇ ಗಮನ ಕೊಡ್ಲಿಲ್ಲ. ನಿಮ್ ದನಿ ಕೇಳ್ತಾ ಕೂತಿದ್ದೆ, ಮಾತು ಕಿವಿಗೆ ಹೋಗ್ಲಿಲ್ಲ.”

ಚೈತ್ರ ಅವನ ಮುಖ ನೋಡಿದಳು. ಆ ಐದು ದಿನದ ಪ್ರತಿ ಅಕ್ಷರವೂ ಅವಳಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಆ ಮಾತು ಇರಲಿಲ್ಲ. ‘ಸುಳ್ಳು’ ಎಂದು ಬರೆದಳು. ಅವನು ಸೊಟ್ಟ ಕೈಯನ್ನು ಹೊರಗೆ ತೆಗೆದು ಅಂಗೈಯಿಂದ ಅದನ್ನು ಒರೆಸಿದ. ಅವಳು ಮತ್ತೆ ಬರೆದಳು. ಅವನು ಮತ್ತೆ ಒರೆಸಿದ. ಮೂರನೆಯ ಸಲ ಅವಳು ಒತ್ತಿ ಬರೆಯಹೋಗಿ ಚಾಕ್‌ಪೀಸು ಮುರಿಯಿತು. ಆಗ ಗುಡ್ಡಮ್ಮ ಎದ್ದು ಒಳಗೆ ಹೋಗಿ, ಬಂದ ಇಬ್ಬರಿಗೂ ಕುಡಿಯಲು ನೀರು ತಂದಿಟ್ಟಳು.

ವಾಸಪ್ಪ ಮುರಿದ ತುಂಡನ್ನು ಎತ್ತಿಕೊಂಡು, ಮೊಣಕಾಲೂರಿ, ನೆಲದ ಮೇಲೆ ಎರಡೇ ಪದ ಬರೆದ: ‘ಅಂಗಡಿಗೆ ಬಾ.’

ಜಯಪ್ರಕಾಶ ತಕ್ಷಣ ಬರಲಿಲ್ಲ. “ಕಿವಿ ಕೇಳ್ದಿರೋನು ಆ ಕೆಲ್ಸಕ್ಕೆ ಆಗಲ್ಲ” ಎಂದು ತಲೆಯಾಡಿಸಿದ್ದ. ಸೈಕಲ್ ಟೈರು ಕಂಡರೂ ಬೆವರುತ್ತಾನೆ ಎಂದು ಗುಡ್ಡಮ್ಮ ಹೇಳಿದ್ದಳು. ಹದಿನೆಂಟು ದಿನ ಕಳೆದ ಮೇಲೆ ಒಂದು ಸೋಮವಾರ, ಬೂತಪ್ಪನ ಬಸ್ಸಿನಿಂದ ಬರಿಗೈಯಲ್ಲಿ ಇಳಿದು ಅಂಗಡಿಯ ಹೊಸ್ತಿಲ ಹೊರಗೆ ನಿಂತ. ಯಾರೂ ಕರೆಯಲಿಲ್ಲ, ಕರೆದರೆ ಕೇಳುವುದಿಲ್ಲವಲ್ಲ. ಚೈತ್ರ ಹೋಗಿ ಕೈ ಹಿಡಿದು ಒಳಗೆ ತಂದಳು.

ದಿನದ ಮೊದಲ ಟೈರು ಜೀಪಿನದು. ಗಾಳಿಯ ಪೈಪು ಚೈತ್ರಳ ಕೈಯಲ್ಲಿತ್ತು. ಅವಳು ಅವನ ಅಂಗೈಯನ್ನು ರಬ್ಬರಿನ ಮೇಲೆ ಒತ್ತಿಟ್ಟಳು. ಗಾಳಿ ಏರಿತು. ಅಂಗೈಯೊಳಗೆ ಏನೋ ಒದ್ದ ಹಾಗಾಗಿ ಅವನು ಬೆಚ್ಚಿದ. ವಾಸಪ್ಪನ ತುಟಿಯ ಮೇಲೆ “ಶಾರದಾ” ಕಂಡಿತು.

ಎರಡನೆಯದು ಬರಲಿಲ್ಲ.

ಅವನು ಕಣ್ಣು ಮುಚ್ಚಿದ. ಅವನು ಕಾಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು, ಯಾವುದಕ್ಕೆ ಎಂದೂ ಗೊತ್ತಿತ್ತು. ಅವಳು ಪೈಪು ಕಿತ್ತು, ಗಾಳಿಯನ್ನೆಲ್ಲ ಬಿಟ್ಟಳು. ಟೈರು ಅವನ ಅಂಗೈಯ ಕೆಳಗೆ ಮೆಲ್ಲಗೆ ಕುಗ್ಗಿತು. ಅವನು ಕಣ್ಣು ತೆರೆದಾಗ ಅವಳು ಸೋಪಿನ ನೀರಿನ ಡಬ್ಬಿ ಹಿಡಿದು ಕೂತಿದ್ದಳು. ಹೇಳದೆ ಬಿಟ್ಟಿದ್ದ ಮಾತು ಅದೇ. ಮೊದಲಿನಿಂದ ಮತ್ತೆ ಸವರಿದಳು, ಮತ್ತೆ ಪೈಪು ಸಿಕ್ಕಿಸಿದಳು.

ಒಂದು ಒದೆತ. ಸ್ವಲ್ಪ ಹೊತ್ತಿಗೆ ಇನ್ನೊಂದು.

“ತಾಯೀ” ಎಂದ ಜಯಪ್ರಕಾಶ. ಬಸ್ ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಫೆಬ್ರವರಿಯಿಂದ ಅರ್ಧಕ್ಕೆ ನಿಂತಿದ್ದ ಹೆಸರು ಪೂರ್ತಿಯಾಯಿತು. ಕಿವಿ ಮಾತ್ರ ಬರಲಿಲ್ಲ. ಮುಂದೆಯೂ ಬರಲಿಲ್ಲ.

ಅವನು ಅವಳ ಕಡೆ ತಿರುಗಿದ. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು, ರಸ್ತೆಗೆಲ್ಲ ಕೇಳುವ ಹಾಗೆ, ಮೊದಲ ಸಲ ಬಹುವಚನ ಬಿಟ್ಟು ಕೇಳಿದ: “ಕೆಲ್ಸ ಮುಗೀತು. ನೀ ಹೇಳು ಚೈತ್ರಾ, ನಾನಿನ್ನು ಹೊರಡ್ಬೇಕಾ?”

ವಾಸಪ್ಪ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ಅವನ ಕೈ ನಿಂತಿತು, ಆದರೆ ಅವನು ತಿರುಗಲಿಲ್ಲ.

ಚೈತ್ರ ಬೇಡವೆಂದು ತಲೆಯಾಡಿಸಿ, ಅಂಗಡಿಯ ಮೂಲೆಗೆ ಹೋಗಿ, ಗಾಳಿಯಿಲ್ಲದ ಇನ್ನೊಂದು ಚಕ್ರವನ್ನು ಉರುಳಿಸಿಕೊಂಡು ಬಂದು ಅವನ ಮುಂದೆ ಮಲಗಿಸಿದಳು. ಅವನ ಸೊಟ್ಟ ಕೈಯನ್ನು ಎತ್ತಿ ಅದರ ಮೇಲಿಟ್ಟಳು. ತನ್ನದನ್ನು ಆ ಕೈಯ ಮೇಲಿಟ್ಟು, ಒಮ್ಮೆ ಒತ್ತಿದಳು. ಅವನು ಕಾದ.

ಅವಳು ಇನ್ನೊಮ್ಮೆ ಒತ್ತಿದಳು.