ಅಮ್ಮ ಕಟ್ಟಿದ ಹೊಸ ಹಾಡು

ಚಿನಕುರುಳಿ ಫೋನ್ ಕಟ್ ಮಾಡಿ ದಿಂಬಿನ ಕೆಳಗೆ ತುರುಕಿಬಿಟ್ಟಳು.

"ಇಷ್ಟು ಬೇಗ ಮಾತು ಮುಗೀತಾ?" ಅಜ್ಜಿ ಕೇಳಿದಳು. ಕಿಟಕಿಯ ಪಕ್ಕ ಕೂತು ಅವಳು ದರ್ಜಿ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅರಳು ಹುರಿದ ಹಾಗೆ ಮಾತಾಡುವ ಮೊಮ್ಮಗಳು ಇವತ್ತು ಗೋಡೆಯ ಕಡೆ ತಿರುಗಿ ಮಲಗಿದಳು.

ಅಮ್ಮ ದೂರದ ಪಟ್ಟಣದಲ್ಲಿ, ಯಾರದೋ ಮನೆಯಲ್ಲಿ, ಅವರ ಪಾಪುವನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಶಾಲೆಗೆ ರಜೆ ಇದ್ದ ದಿನ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಇವತ್ತು ಮಾತಿನ ನಡುವೆ ಪಾಪು ಅತ್ತಿತು. ಅಮ್ಮ ಒಂದು ನಿಮಿಷ ಎಂದು ಫೋನ್ ಪಕ್ಕಕ್ಕಿಟ್ಟು ಹಾಡತೊಡಗಿದಳು. ಅದು ಚಿನಕುರುಳಿ ಎಂದೂ ಕೇಳದ ಹಾಡು. ಅವಳಿಗೆ ಹೊಟ್ಟೆ ಉರಿದುಹೋಯಿತು.

"ಆ ಪಾಪುಗೆ ಅಂತ ಹೊಸ ಹಾಡು ಮಾಡಿದ್ದಾಳೆ ಅಜ್ಜಿ. ನಂಗೆ ಮಾತ್ರ ಎಲ್ಲಾ ಹಳೇದೇ."

ಅಮ್ಮ ಇನ್ನು ತನ್ನವಳಾಗಿ ಉಳಿಯುವುದಿಲ್ಲ ಎಂಬ ಹೆದರಿಕೆ ಅವಳಿಗೆ. ಅದೊಂದನ್ನು ಹೇಳಲಿಲ್ಲ.

ಹಾಡು ಹೇಗಿತ್ತೆಂದು ಅಜ್ಜಿ ಕೇಳಿದಳು. ಚಿನಕುರುಳಿ ಮುಖ ಊದಿಸಿಕೊಂಡೇ ಒಪ್ಪಿಸಿದಳು:

ತೊಟ್ಟಿಕ್ಕುವ ನಲ್ಲಿಯೇ, ಸದ್ದು ಮಾಡಬೇಡ,
ಮೋಟುಬಾಲದ ಬೆಕ್ಕೇ, ಹಾಲು ಕದಿಯಬೇಡ,
ಬಿಗಿಯಾದ ಬೂಟೇ, ಬೆರಳು ಕಚ್ಚಬೇಡ,
ಕೂಸಿನ ನಿದ್ದೆ ಕೆಡಿಸಬೇಡ.

"ಅರ್ಥ ಆಯ್ತಾ?" ಅಂದಳು ಅಜ್ಜಿ.

"ಅದ್ರಲ್ಲೇನಿದೆ ಅರ್ಥ? ಮಲ್ಕೋ ಅಂತ, ಅಷ್ಟೆ."

"ನಿಮ್ಮಮ್ಮ ಹಾಡು ಕಟ್ಟೋದು ಹೇಗೆ ಅಂತ ನಂಗೆ ಗೊತ್ತಿಲ್ವಾ? ಕಣ್ಣೆದುರು ಏನಿರುತ್ತೋ ಅದನ್ನೇ ಪೋಣಿಸ್ತಾಳೆ."

ಅದು ನಿಜ. ಇಲ್ಲಿದ್ದಾಗ ಅಮ್ಮ ಕುಕ್ಕರಿನ ಸೀಟಿ, ಒಣಗದ ಬಟ್ಟೆ, ಎಲ್ಲದರ ಮೇಲೂ ಹಾಡುತ್ತಿದ್ದಳು.

"ಆ ಪಾಪು ಇನ್ನೂ ಅಂಬೆಗಾಲು ಇಡ್ತಿದೆ," ಎಂದಳು ಅಜ್ಜಿ. "ಅದಕ್ಕೆಲ್ಲಿಯ ಬೂಟು?"

ಚಿನಕುರುಳಿ ಹಾಡನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡಳು. ಬೂಟು ಕಚ್ಚುತ್ತಿದ್ದುದು ತನಗೆ. ಈ ಮನೆಯ ಬಚ್ಚಲಿನ ನಲ್ಲಿ ಸೋರತೊಡಗಿದ್ದು ಅಮ್ಮ ಹೋದ ಮೇಲೆ. ಮೋಟುಬಾಲದ ಬೆಕ್ಕನ್ನಂತೂ ಅಮ್ಮ ನೋಡಿಯೇ ಇಲ್ಲ. ಎಲ್ಲವನ್ನೂ ಇವಳೇ ಫೋನಿನಲ್ಲಿ ಒದರಿದ್ದಳು. ಅಮ್ಮ ಬರೀ ಹೂಂಗುಟ್ಟುತ್ತಿದ್ದಳು. ಕೇಳಿಸಿಕೊಳ್ಳುತ್ತಾಳೋ ಇಲ್ಲವೋ ಎಂದು ಇವಳಿಗೆ ಅನುಮಾನವೇ ಇತ್ತು.

ಈಗ ಅಳು ಬಂತು. ಅತ್ತಳು ಕೂಡ. ಅಜ್ಜಿ ನೋಡಿಯೂ ನೋಡದ ಹಾಗೆ ಹೊಲಿಯುತ್ತಲೇ ಇದ್ದಳು.

ಮೂಗು ಒರೆಸಿಕೊಂಡು ಚಿನಕುರುಳಿ ತಾನೇ ಫೋನ್ ಮಾಡಿದಳು. ಪಾಪು ಮಲಗಿತೇ ಎಂದು ಮೊದಲ ಸಲ ಕೇಳಿದಳು. ಮಲಗಿತು ಎಂದಳು ಅಮ್ಮ.

"ಅಮ್ಮಾ, ನಲ್ಲಿ ರಿಪೇರಿ ಆಯ್ತು. ಈಗ ಸೋರಲ್ಲ."

"ಹೌದಾ? ಹಾಗಾದ್ರೆ ಇನ್ನು ನಾನೇನು ಹಾಡ್ಲಿ?" ಅಮ್ಮ ನಗಲು ನೋಡಿದಳು, ಆಗಲಿಲ್ಲ.

ಚಿನಕುರುಳಿ ಕೋಣೆಯ ಸುತ್ತ ಕಣ್ಣಾಡಿಸಿದಳು.

"ಅಜ್ಜಿ ಸೂಜಿಗೆ ದಾರ ಪೋಣಿಸ್ತಿದ್ದಾಳೆ. ಸರಿಯಾಗಿ ಕಾಣ್ಸಲ್ಲ, ಆದ್ರೂ ನನ್ನ ಕರೆಯಲ್ಲ. ದಾರ ನೀಲಿ. ಕಿಟಕಿಯಿಂದ ಬಿಸಿಲು ಬಂದು ಅಜ್ಜಿ ಮಡಿಲಲ್ಲಿ ಕೂತಿದೆ..."

ಯಾವಾಗಲೂ ಗಡಿಬಿಡಿಯಲ್ಲಿ ಮಾತಾಡುವವಳು ಇವತ್ತು ಒಂದೊಂದನ್ನೇ ನಿಧಾನವಾಗಿ ಹೇಳಿದಳು. ಅಮ್ಮನಿಗೆ ಕಾಣಬೇಕಲ್ಲ.