ಇಳಿಜಾರಿನಲ್ಲಿ ಕೀ ಆಫ್ ಮಾಡಬೇಡ!

"ಸತ್ತ ಬ್ಯಾಟರಿ ಕೊಟ್ಟಿದ್ದೀಯಲ್ಲಮ್ಮಾ, ನಾಚ್ಕೆ ಆಗಲ್ವಾ ನಿಂಗೆ?"

ಗುಡ್ಡಗಳ ಊರಾದ ಕಿಗಾಲಿಯ ಬ್ಯಾಟರಿ ಬದಲಿಸುವ ಕೇಂದ್ರದಲ್ಲಿ ಸಾಲಾಗಿ ನಿಂತಿದ್ದ ಮೋಟೋ ಎಂಬ ಬೈಕ್ ಟ್ಯಾಕ್ಸಿಗಳ ಸವಾರರೆಲ್ಲ ತಿರುಗಿ ನೋಡಿದರು. ಕೂಗಿದವನು ಗಸಾನ. ಹತ್ತು ವರ್ಷ ಪೆಟ್ರೋಲ್ ಗಾಡಿ ಓಡಿಸಿ, ಮೊನ್ನೆ ಮೊನ್ನೆ ಎಲೆಕ್ಟ್ರಿಕ್ ಬೈಕ್ ಹತ್ತಿದವನು. ಬೈಸಿಕೊಂಡವಳು ಉಮುಹೋಜ, ಅಲ್ಲಿನ ಒಬ್ಬಳೇ ಹೆಣ್ಣು ಮೆಕ್ಯಾನಿಕ್.

"ನಿನ್ನೆ ರೆಬೆರೊ ಗುಡ್ಡದಲ್ಲಿ ಗಾಡಿ ನಿಂತೋಯ್ತು! ಪ್ಯಾಸೆಂಜರ್ ಇಳಿದು ಬೇರೆ ಗಾಡಿ ಹತ್ಕೊಂಡು ಹೋದ್ಲು. ಮ್ಯಾನೇಜರ್‌ಗೆ ದೂರು ಬರೆದು ಕೊಟ್ಟಾಯ್ತು."

ಉಮುಹೋಜಳ ಮೇಲೆ ಇದು ಮೂರನೇ ದೂರು. ಮೂರೂ ಇವನದೇ! ಈ ಸಲ ಕೆಲಸ ಹೋದಂತೆಯೇ.

'ಅಳಬೇಡ... ಇವನ ಮುಂದಂತೂ ಅಳಲೇಬೇಡ!'

"ಬ್ಯಾಟರಿ ಪರೀಕ್ಷೆ ಮಾಡಿದ್ದೀನಿ. ಅದಕ್ಕೇನೂ ಆಗಿಲ್ಲ," ಎಂದಳು.

"ಹಾಗಾದ್ರೆ ತಪ್ಪು ನಂದಾ?"

"ಹೌದು, ನಿಂದೇ!"

ಅವಳು ಪ್ಯಾಸೆಂಜರ್‌ಗೆಂದು ಇಟ್ಟಿದ್ದ ಹೆಲ್ಮೆಟ್ ಕಿತ್ತುಕೊಂಡು ಹಾಕಿಕೊಂಡೇಬಿಟ್ಟಳು. "ನಡಿ. ಚಾರ್ಜ್ ಮಾಡಿಟ್ಟಿರೋ ಅದೇ ಬ್ಯಾಟರಿ, ಅದೇ ಗುಡ್ಡ. ನಿಂತೋದ್ರೆ ನಾನೇ ಕೆಲಸ ಬಿಡ್ತೀನಿ. ನಿಲ್ದಿದ್ರೆ, ಆ ದೂರನ್ನ ಇವರೆಲ್ಲರ ಮುಂದೆ ನೀನೇ ಓದಿ ಸುಳ್ಳು ಅನ್ಬೇಕು!"

ಎರಡನೇ ಇಳಿಜಾರಿನಲ್ಲೇ ಗುಟ್ಟು ಬಯಲಾಯಿತು. ಗಸಾನನ ಕೈ ತಾನಾಗಿಯೇ ಕೀ ತಿರುಗಿಸಿತ್ತು.

"ಏಯ್! ಆಫ್ ಯಾಕೆ ಮಾಡ್ದೆ?"

"ಇಳಿಜಾರಲ್ವಾ... ಉಳಿತಾಯ ಆಗ್ಲಿ ಅಂತ."

"ಅಯ್ಯೋ ಮಹಾರಾಯ, ಇದೇನು ಪೆಟ್ರೋಲ್ ಅಂದ್ಕೊಂಡ್ಯಾ? ಕೀ ಆನ್ ಇಟ್ಟು ನಿಧಾನಕ್ಕೆ ಬ್ರೇಕ್ ಹಿಡಿ. ಉರುಳೋ ಚಕ್ರವೇ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ತುಂಬುತ್ತೆ. ಆಫ್ ಮಾಡಿದ್ರೆ ಎಲ್ಲಿಂದ ತುಂಬ್ಕೋಬೇಕು? ಹತ್ತುವಾಗ ಬೇರೆ ಆಕ್ಸಿಲರೇಟರ್ ಪೂರ್ತಿ ಹಿಂಡ್ತೀಯ!"

ಅವಳು ಹೇಳಿದಂತೆ ಓಡಿಸಿದ. ಗುಡ್ಡವನ್ನು ಎರಡು ಸಲ ಹತ್ತಿಳಿದು ಬಂದರೂ ಬ್ಯಾಟರಿಯಲ್ಲಿ ಇನ್ನೂ ಇಪ್ಪತ್ತೊಂಬತ್ತು ಪರ್ಸೆಂಟ್ ಇತ್ತು!

ಗಸಾನ ತಪ್ಪಿಸಿಕೊಳ್ಳಲಿಲ್ಲ. ಕೇಂದ್ರಕ್ಕೆ ಮರಳಿದವನೇ ಮ್ಯಾನೇಜರ್‌ನಿಂದ ದೂರಿನ ಕಾಗದ ಇಸಿದುಕೊಂಡು ಎಲ್ಲರೆದುರು ಓದಿದ. "ಇದು ಸುಳ್ಳು. ಬ್ಯಾಟರಿ ಚೆನ್ನಾಗೇ ಇತ್ತು. ನಂಗೇ ಓಡಿಸೋಕೆ ಬರ್ತಿರ್ಲಿಲ್ಲ."

"ಹುಡುಗಿ ಹತ್ರ ಪಾಠ ಹೇಳಿಸ್ಕೊಂಡ್ಯೇನೋ?" ಯಾರೋ ನಕ್ಕರು.

"ಹೂಂ, ಹೇಳಿಸ್ಕೊಂಡೆ. ನೀನೂ ಹೇಳಿಸ್ಕೋ!"

ಮ್ಯಾನೇಜರ್ ಮೂರೂ ದೂರುಗಳನ್ನು ಹರಿದು ಹಾಕಿದ. ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಆಗ ಬಂತು ಉಮುಹೋಜಳಿಗೆ.

ಸಂಜೆ ಹಾಲಿನಂಗಡಿಯಲ್ಲಿ ಗಸಾನ ಮೊಸರಿನ ಲೋಟವನ್ನು ಅವಳತ್ತ ಸರಿಸಿದ.

"ಮೂರು ಸಲ ಬೈದೆ. ಒಂದು ಸಲಾನೂ ನೀನು ತಲೆ ತಗ್ಗಿಸ್ಲಿಲ್ಲ. ಮೊದಲ ದಿನವೇ ಮನಸ್ಸಿಗೆ ಹಿಡಿಸಿದ್ದೆ ಉಮುಹೋಜ... ಒಪ್ಕೊಳ್ಳೋಕೆ ನನ್ನ ಅಹಂಕಾರ ಬಿಡ್ಲಿಲ್ಲ."

"ಹಿಡಿಸಿದವಳ ಅನ್ನಕ್ಕೇ ಕಲ್ಲು ಹಾಕ್ತಿದ್ಯಲ್ಲೋ!"

"ತಪ್ಪಾಯ್ತು. ಕ್ಷಮಿಸ್ಬಿಡು."

"ಕೇಳ್ಕೋ, ಈ ಕೆಲಸ ನಾನು ಬಿಡಲ್ಲ. ಮದುವೆಯಾದ್ಮೇಲೂ ಬಿಡಲ್ಲ!"

"ಮದುವೆ ಮಾತು ನಾನಿನ್ನೂ ಎತ್ತೇ ಇಲ್ವಲ್ಲ..."

ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ!

ಅವಳ ಮನೆಯ ದಾರಿ ಇಳಿಜಾರಿನದು. ಬೈಕ್ ಹೊರಟಾಗ ಗಸಾನ ಮೆಲ್ಲಗೆ ಕೇಳಿದ, "ಬೇಗ ಮನೆ ಮುಟ್ಟಿಸ್ಲಾ?"

ಉಮುಹೋಜ ಅವನ ಭುಜ ಹಿಡಿದುಕೊಂಡಳು.

"ಬೇಡ... ಕೀ ಆನ್ ಇರ್ಲಿ. ನಿಧಾನಕ್ಕೇ ಹೋಗು."